ಗುಂಡಿನ ವೇಗ ಹಿಡಿದ ಲೋಲಕ

ಕೋವಿಯಿಂದ ಹೊರಟ ಗುಂಡು ಕಣ್ಣಿಗೆ ಬೀಳುವುದಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಅದರ ವೇಗ ಅಳೆಯಬಲ್ಲ ಗಡಿಯಾರವೂ ಇರಲಿಲ್ಲ. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ಕಾಲ ಅಳೆಯುವ ಗೋಜಿಗೇ ಹೋಗಲಿಲ್ಲ. ಭಾರದ ಲೋಲಕವೊಂದನ್ನು ತೂಗುಹಾಕಿ, ಅದರ ಮರದ ಹಲಗೆಗೆ ಗುಂಡು ಹೊಡೆದ. ಗುಂಡು ಮರದಲ್ಲಿ ಹೂತಿತು, ಲೋಲಕ ಹಿಂದಕ್ಕೆ ತೂಗಿತು. ಎಷ್ಟು ದೂರ ತೂಗಿತೆಂದು ಅದಕ್ಕೆ ಕಟ್ಟಿದ ರಿಬ್ಬನ್ ಹೇಳಿತು.

ಇಂದಿನ ಅಂಕಿಯಲ್ಲಿ ನೋಡೋಣ. ಸೆಕೆಂಡಿಗೆ 800 ಮೀಟರ್ ಓಡುವ 10 ಗ್ರಾಂ ಗುಂಡು ತೂಗುಬಿಟ್ಟ 8 ಕಿಲೋ ದಿಮ್ಮಿಗೆ ಹೊಕ್ಕರೆ, ದಿಮ್ಮಿ ಸೆಕೆಂಡಿಗೆ ಸುಮಾರು 1 ಮೀಟರ್ ವೇಗದಲ್ಲಿ ಹೊರಟು 5 ಸೆಂಟಿಮೀಟರ್ ಮೇಲೇರುತ್ತದೆ. ಅಷ್ಟನ್ನು ಅಳತೆಪಟ್ಟಿಯಲ್ಲೇ ಅಳೆಯಬಹುದು!

1742ರಲ್ಲಿ ರಾಬಿನ್ಸ್ ತನ್ನ ಪ್ರಯೋಗಗಳನ್ನು ಪುಸ್ತಕವಾಗಿ ಪ್ರಕಟಿಸಿದ. ನನಗೆ ಲೋಲಕಕ್ಕಿಂತ ಮುಖ್ಯವೆನಿಸುವುದು ಅದು ಬಯಲು ಮಾಡಿದ ಸಂಗತಿ. ವೇಗದ ಗುಂಡಿಗೆ ಗಾಳಿಯ ತಡೆ ಲೆಕ್ಕಕ್ಕಿಲ್ಲ ಎಂದೇ ಫಿರಂಗಿಯವರು ನಂಬಿದ್ದರು. ಲೋಲಕವನ್ನು ಕೋವಿಯಿಂದ ದೂರ ದೂರ ಇಟ್ಟು ಹೊಡೆದಾಗ, ಆ ತಡೆ ಗುಂಡಿನ ತೂಕದ ನೂರು ಪಟ್ಟಿಗೂ ಹೆಚ್ಚು ಎಂದು ಗೊತ್ತಾಯಿತು. ಮಹಾಗಣಿತಜ್ಞ ಆಯ್ಲರ್ 1745ರಲ್ಲಿ ಆ ಪುಸ್ತಕವನ್ನು ಟಿಪ್ಪಣಿಗಳೊಂದಿಗೆ ಜರ್ಮನ್‌ಗೆ ತಂದ. ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ 1750ರಲ್ಲಿ ನಮ್ಮ ಕಡಲತೀರಕ್ಕೆ ಬಂದಿಳಿದ. ಮರುವರ್ಷವೇ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಕಾಲವನ್ನೇ ಅಳೆಯಲು ವಿದ್ಯುತ್ತು ಬರಬೇಕಾಯಿತು. 1860ರ ದಶಕದಲ್ಲಿ ಬೆಲ್ಜಿಯಂನ ಸೇನಾಧಿಕಾರಿ ಲೆ ಬುಲಾಂಜೆ, ಗುಂಡು ಎರಡು ತಂತಿಗಳನ್ನು ಕಡಿಯುವ ಕ್ರೋನೋಗ್ರಾಫ್ ಎಂಬ ಸಾಧನ ಕಟ್ಟಿದ. ಮೊದಲ ತಂತಿ ಕಡಿದಾಗ ವಿದ್ಯುತ್ಕಾಂತ ಬಿಟ್ಟುಕೊಟ್ಟ ಸರಳು ಬೀಳತೊಡಗುತ್ತದೆ. ಎರಡನೆಯದು ಕಡಿದ ಮೇಲೆ ಚೂರಿಯೊಂದು ಬೀಳುತ್ತಿರುವ ಸರಳಿನ ಮೇಲೆ ಗೀರುತ್ತದೆ. ಗೀರು ಎಲ್ಲಿದೆ ಎಂಬುದರಿಂದ ಕಾಲ ಸಿಕ್ಕಿತು. ಈಗಿನ ಕ್ರೋನೋಗ್ರಾಫ್‌ಗಳಲ್ಲಿ ತಂತಿಗಳ ಜಾಗಕ್ಕೆ ಬೆಳಕಿನ ಸಂವೇದಕಗಳು ಬಂದಿವೆ.

ಗುಂಡಿನ ವೇಗ ಅಳೆಯುವ ಅಗತ್ಯ ಈಗಲೂ ಇದೆ. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದಲ್ಲಿ ಗುಂಡುನಿರೋಧಕ ಕವಚಗಳ ಪರೀಕ್ಷೆ ನಡೆಯುತ್ತದೆ. ಇಂಥ ಕೆಲಸಕ್ಕೆ ಎಂಥ ಕ್ರೋನೋಗ್ರಾಫ್ ಬೇಕು? ಅಮೆರಿಕದ ರಾಷ್ಟ್ರೀಯ ನ್ಯಾಯ ಸಂಸ್ಥೆಯ (ಎನ್‌ಐಜೆ) 2023ರಲ್ಲಿ ಬದಲಾದ 0101.06 ಮಾನದಂಡದಲ್ಲಿ ರೈಫಲ್ ತಡೆಯುವ ಮೂರನೆಯ ಮಟ್ಟದ ಕವಚಕ್ಕೆ ಗುಂಡು ಸೆಕೆಂಡಿಗೆ 847 ಮೀಟರ್ ವೇಗದಲ್ಲಿ ತಾಗಬೇಕಿತ್ತು, ಆಚೀಚೆ 9.1 ಮೀಟರ್ ಮಾತ್ರ ಸಡಿಲವಿತ್ತು. ಸಂವೇದಕಗಳ ನಡುವೆ 30 ಸೆಂಟಿಮೀಟರ್ ಅಂತರವಿದ್ದರೆ, ಅದರಲ್ಲಿ 3 ಮಿಲಿಮೀಟರ್ ತಪ್ಪಿದರೂ ಉತ್ತರ ಸೆಕೆಂಡಿಗೆ 8 ಮೀಟರಿಗೂ ಹೆಚ್ಚು ತಪ್ಪುತ್ತದೆ. ಅದೇ ತಪ್ಪು 2 ಮೀಟರ್ ಅಂತರದಲ್ಲಿ ಸುಮಾರು 1.3 ಮೀಟರಿಗೆ ಇಳಿಯುತ್ತದೆ. ಹಾಗಾಗಿ ನಾನು ಮೊದಲು ಕೇಳುವುದು ಅಂತರ ಎಷ್ಟು, ಅದನ್ನು ಅಲುಗದಂತೆ ಬಿಗಿದಿದ್ದಾರೆಯೇ ಎಂದು. ಪರದೆಯ ಅಂದಚಂದ ಆಮೇಲೆ. ಬಯಲಿನಲ್ಲಿ ಬಿಸಿಲು ಮೋಡಗಳ ಆಟಕ್ಕೆ ಬೆಳಕಿನ ಸಂವೇದಕ ಮೋಸಹೋಗುತ್ತದೆ, ಅಲ್ಲಿ ಡಾಪ್ಲರ್ ರೇಡಾರ್ ಮೇಲು. ಒಳಾಂಗಣದಲ್ಲಿ ಒಂದರ ಹಿಂದೊಂದು ಎರಡು ಜೋಡಿ ಸಂವೇದಕಗಳನ್ನು ನಿಲ್ಲಿಸಬೇಕು. ಎರಡರ ಉತ್ತರ ಹೊಂದದಿದ್ದರೆ ಆ ಗುಂಡನ್ನು ಲೆಕ್ಕಕ್ಕೆ ಹಿಡಿಯಬಾರದು. ಆ ಕವಚವನ್ನು ಒಬ್ಬ ಮನುಷ್ಯ ಎದೆಗೆ ಕಟ್ಟಿಕೊಳ್ಳುತ್ತಾನೆ.