ಅಂಗಳದಲ್ಲಿ ನಿಂತ ನೀರು: ಮನೆ ಹಾಗೂ ಖಾಲಿ ನಿವೇಶನಗಳ ಮಾಲೀಕರ ಕರ್ತವ್ಯಗಳು

ಮುಂಡರಗಿ ತಾಲ್ಲೂಕಿನ ಡೋಣಿ ಗ್ರಾಮವು ಕಪ್ಪತಗುಡ್ಡದ ಸೆರಗಿನಲ್ಲಿದೆ. ಮಳೆಯನ್ನೇ ನೆಚ್ಚಿಕೊಂಡಿರುವ ಈ ಸೀಮೆಯಲ್ಲಿ ನೀರನ್ನು ಕೂಡಿಡುವುದು ಹಿರಿಯರಿಂದ ಬಂದ ವಿವೇಕ. ಅಂಗಳದ ಸಿಮೆಂಟ್ ತೊಟ್ಟಿ, ಹಿತ್ತಲಿನ ಬ್ಯಾರಲ್, ಬಚ್ಚಲಿನ ಹಂಡೆ, ದನಗಳಿಗೆ ನೀರುಣಿಸುವ ಬಾನಿ ಇಲ್ಲದ ಮನೆ ವಿರಳ. ನಲ್ಲಿಯ ಸರದಿ ತಪ್ಪಿದ ದಿನ ಮನೆಯನ್ನು ನಡೆಸುವುದು ಈ ನೀರೇ. ಆದರೆ ಮುಚ್ಚಳವಿಲ್ಲದೆ ವಾರಗಟ್ಟಲೆ ನಿಂತ ಇದೇ ನೀರು ಡೆಂಗೀ ಜ್ವರಕ್ಕೂ ಮೂಲವಾಗುತ್ತದೆ. ಆದ್ದರಿಂದ ಅಂಗಳ, ಹಿತ್ತಲು ಹಾಗೂ ಖಾಲಿ ನಿವೇಶನಗಳ ನಿರ್ವಹಣೆಯು ಮಾಲೀಕರ ಕಾನೂನುಬದ್ಧ ಹೊಣೆಯೂ ಆಗಿದೆ. ನೀರನ್ನು ಕೂಡಿಡಬಾರದೆಂದು ನಿಯಮವು ಹೇಳುವುದಿಲ್ಲ. ಕೂಡಿಟ್ಟ ನೀರನ್ನು ಮುಚ್ಚಿಡಬೇಕೆಂದು ಹೇಳುತ್ತದೆ.

ನಿಯಮವೇನು?

ರಾಜ್ಯ ಸರ್ಕಾರವು 2024ರ ಆಗಸ್ಟ್ ಅಂತ್ಯದಲ್ಲಿ ಸಾಂಕ್ರಾಮಿಕ ರೋಗಗಳ ವಿನಿಯಮಗಳಿಗೆ ತಿದ್ದುಪಡಿ ತಂದು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಇದರಂತೆ ಯಾವುದೇ ಜಮೀನು, ಕಟ್ಟಡ, ನೀರಿನ ತೊಟ್ಟಿ, ಉದ್ಯಾನ ಅಥವಾ ಆಟದ ಮೈದಾನದ ಮಾಲೀಕರು, ಅನುಭೋಗದಾರರು ಮತ್ತು ಉಸ್ತುವಾರಿ ಹೊತ್ತವರು ಅಲ್ಲಿ ಸೊಳ್ಳೆ ಉತ್ಪತ್ತಿಯಾಗದಂತೆ ನೋಡಿಕೊಳ್ಳತಕ್ಕದ್ದು. ತಪ್ಪಿದಲ್ಲಿ ಗ್ರಾಮೀಣ ಪ್ರದೇಶದಲ್ಲಿ ವಾಸದ ಮನೆಗೆ ರೂ. 200, ವಾಣಿಜ್ಯ ಸ್ಥಳಗಳಿಗೆ ರೂ. 500, ಖಾಲಿ ನಿವೇಶನ ಹಾಗೂ ಕಾಮಗಾರಿ ಸ್ಥಳಗಳಿಗೆ ರೂ. 1,000 ದಂಡ ನಿಗದಿಯಾಗಿದೆ. ನಗರ ಪ್ರದೇಶದಲ್ಲಿ ಈ ಮೊತ್ತ ಎರಡು ಪಟ್ಟು. ಲೋಪವನ್ನು ಸರಿಪಡಿಸದೆ ಕಳೆದ ಪ್ರತಿ ವಾರಕ್ಕೆ ದಂಡದ ಅರ್ಧದಷ್ಟು ಹೆಚ್ಚುವರಿಯಾಗಿ ಸೇರುತ್ತದೆ.

‘ಉಸ್ತುವಾರಿ ಹೊತ್ತವರು’ ಎಂಬ ಮಾತಿನಲ್ಲಿ ಸಂಸ್ಥೆಗಳೂ ಸೇರುತ್ತವೆ. ಗ್ರಾಮ ಪಂಚಾಯಿತಿಯ ನೀರಿನ ಟ್ಯಾಂಕ್, ಶಾಲೆಯ ಅಂಗಳ, ಅಂಗನವಾಡಿಯ ಹಿತ್ತಲು, ಸಮುದಾಯ ಭವನದ ಮೇಲ್ಛಾವಣಿ, ಇವೆಲ್ಲಕ್ಕೂ ಇದೇ ಕರ್ತವ್ಯ ಅನ್ವಯಿಸುತ್ತದೆ. ಸಾರ್ವಜನಿಕ ನಲ್ಲಿಯ ಕೆಳಗೆ ನೀರು ನಿಂತಿದ್ದರೆ ಅದನ್ನು ಪಂಚಾಯಿತಿಯ ಗಮನಕ್ಕೆ ತರುವ ಹಕ್ಕು ಗ್ರಾಮಸ್ಥರಿಗಿದೆ.

ಏಳು ದಿನಗಳ ಲೆಕ್ಕ

ಡೆಂಗೀ ಹರಡುವ ಈಡಿಸ್ ಸೊಳ್ಳೆಯು ಗಟಾರದ ಕೊಳಚೆಗಿಂತ ಮನೆಯವರು ಬಳಕೆಗೆಂದು ಇಟ್ಟ ತಿಳಿನೀರನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ಇದು ಕಚ್ಚುವುದು ಹಗಲಿನಲ್ಲಿ. ಮೊಟ್ಟೆಯು ಮರಿಹುಳುವಾಗಿ, ಕೋಶವಾಗಿ, ಹಾರುವ ಸೊಳ್ಳೆಯಾಗಲು ಬೇಸಿಗೆ ಮತ್ತು ಮಳೆಗಾಲದ ಹವೆಯಲ್ಲಿ ಸುಮಾರು 7ರಿಂದ 10 ದಿನ ಬೇಕು. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಬೇಕೆಂಬ ಸೂಚನೆಯ ಹಿಂದಿರುವುದು ಈ ಲೆಕ್ಕವೇ. ಏಳನೆಯ ದಿನದೊಳಗೆ ನೀರು ಬದಲಾದರೆ ಹುಳು ಸೊಳ್ಳೆಯಾಗುವುದಿಲ್ಲ.

ಆದರೆ ನೀರು ಚೆಲ್ಲುವುದಷ್ಟೇ ಸಾಲದು. ಸೊಳ್ಳೆಯು ಮೊಟ್ಟೆ ಇಡುವುದು ನೀರಿನ ಅಂಚಿಗೆ ತಾಗಿದ ಪಾತ್ರೆಯ ಒಳಗೋಡೆಗೆ. ನೀರು ಆರಿದರೂ ಅವು ಹಲವು ತಿಂಗಳು ಜೀವಂತವಾಗಿದ್ದು, ಮುಂದಿನ ಮಳೆಯ ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ತೊಟ್ಟಿ, ಬ್ಯಾರಲ್ ಮತ್ತು ಬಾನಿಗಳ ಒಳಮೈಯನ್ನು ತೆಂಗಿನ ನಾರಿನಿಂದ ಅಥವಾ ಬ್ರಷ್‌ನಿಂದ ತಿಕ್ಕಿ ತೊಳೆದು, ಒಣಗಿಸಿ, ಬಳಿಕ ತುಂಬಿಸಬೇಕು. ತೊಳೆದ ನೀರು ವ್ಯರ್ಥವಾಗಬೇಕಿಲ್ಲ. ಗಿಡದ ಬುಡಕ್ಕೆ ಸುರಿದರೆ ಮಣ್ಣಿನಲ್ಲಿ ಇಂಗಿ ಹುಳುಗಳು ಸಾಯುತ್ತವೆ. ಬರಿದು ಮಾಡಲಾಗದ ದೊಡ್ಡ ತೊಟ್ಟಿಗಳಿಗೆ ಬಿಗಿ ಮುಚ್ಚಳ ಇರಲಿ. ಮುಚ್ಚಳ ಹಾಕಲಾಗದಲ್ಲಿ ಲಾರ್ವಾ ತಿನ್ನುವ ಗಪ್ಪಿ ಅಥವಾ ಗಾಂಬೂಸಿಯಾ ಮೀನುಗಳನ್ನು ಬಿಡಬಹುದು; ಇದಕ್ಕೆ ಆಶಾ ಕಾರ್ಯಕರ್ತೆಯರು ಅಥವಾ ಆರೋಗ್ಯ ಸಿಬ್ಬಂದಿಯನ್ನು ಸಂಪರ್ಕಿಸುವುದು.

ಒಡೆದ ಕೊಡ, ಹಳೆಯ ಟಯರ್, ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಲೋಟ, ಬಣವೆಯ ಮೇಲೆ ಹೊದಿಸಿದ ತಾಡಪಲ್ಲಿಯ ಮಡಿಕೆ, ಇವುಗಳಲ್ಲಿ ನಿಲ್ಲುವ ಅಂಗೈಯಷ್ಟು ನೀರೂ ಸೊಳ್ಳೆಗೆ ಸಾಕು.

ಬಚ್ಚಲ ನೀರು ಮತ್ತು ಮಳೆನೀರು

ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು ಸೇರುತ್ತದೆ. 40 ಚದರ ಮೀಟರ್ ಮೇಲ್ಛಾವಣಿಯ ಮನೆಗೆ 25 ಮಿ.ಮೀ. ಮಳೆಯಾದರೆ ಸುರಿಯುವ ನೀರು 1,000 ಲೀಟರ್. ಇದಕ್ಕೆ ದಾರಿ ಕಲ್ಪಿಸದಿದ್ದರೆ ಅದು ನೆರೆಯವರ ಗೋಡೆಯ ಬುಡಕ್ಕೋ ಓಣಿಯ ತಗ್ಗಿಗೋ ಹೋಗಿ ನಿಲ್ಲುತ್ತದೆ. ಹೊಸ ಮನೆ ಕಟ್ಟುವಾಗ ಅಂಗಳವನ್ನು ಎತ್ತರಿಸುವವರು ಇದನ್ನು ಮೊದಲೇ ಯೋಚಿಸಬೇಕು. ಪ್ರತಿ ಮೀಟರ್ ಉದ್ದಕ್ಕೆ 2 ಸೆಂ.ಮೀ. ಇಳಿಜಾರನ್ನು ಗಟಾರದ ಕಡೆಗೆ ಕೊಟ್ಟರೆ ನೀರು ನಿಲ್ಲದೆ ಹರಿಯುತ್ತದೆ. ಗಟಾರದ ಮೇಲೆ ಕಾಂಕ್ರೀಟ್ ಸುರಿದು ಕಾಯಂ ಮುಚ್ಚುವುದು ಬೇಡ. ಎತ್ತಿ ತೆಗೆಯಬಹುದಾದ ಕಲ್ಲುಚಪ್ಪಡಿ ಹಾಸಿದರೆ ಹೂಳೆತ್ತಲು ಸಾಧ್ಯ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಡಿ ಸಾರ್ವಜನಿಕ ರಸ್ತೆ ಹಾಗೂ ಗಟಾರದ ಮೇಲಿನ ಅಡಚಣೆಯನ್ನು ತೆರವುಗೊಳಿಸುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇದೆ.

ಬಚ್ಚಲ ನೀರಿಗೆ ಇಂಗುಗುಂಡಿಯೇ ಸುಲಭ ಪರಿಹಾರ. ಸುಮಾರು ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿಯಲ್ಲಿ ಕೆಳಗೆ ದಪ್ಪ ಕಲ್ಲು, ನಡುವೆ ಮಧ್ಯಮ ಗಾತ್ರದ ಕಲ್ಲು, ಮೇಲೆ ಜಲ್ಲಿ ತುಂಬಬೇಕು. ಗುಂಡಿಗೆ ಮುನ್ನ ಒಂದು ಸಣ್ಣ ತೊಟ್ಟಿಯಿದ್ದರೆ ಕಸ ಮತ್ತು ಜಿಡ್ಡು ಅಲ್ಲಿಯೇ ಉಳಿಯುತ್ತದೆ. ಕುಡಿಯುವ ನೀರಿನ ಬಾವಿ, ಕೊಳವೆಬಾವಿಗಳಿಂದ ಕನಿಷ್ಠ 10 ಮೀಟರ್ ದೂರವಿರಲಿ. ಮಸಾರಿ ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ. ಎರೆ ಮಣ್ಣು ನೀರು ಕುಡಿದು ಉಬ್ಬಿ ಇಂಗುವ ದಾರಿಯನ್ನೇ ಮುಚ್ಚುತ್ತದೆ. ಅಂಥಲ್ಲಿ ಬಚ್ಚಲ ನೀರನ್ನು ಬಾಳೆ, ನುಗ್ಗೆ, ಕರಿಬೇವಿನ ಕೈತೋಟಕ್ಕೆ ಹರಿಸುವುದು ಲೇಸು.

ಖಾಲಿ ನಿವೇಶನ ಮತ್ತು ಹಾಳು ಮನೆ

ಹೆಚ್ಚಿನ ತಕರಾರುಗಳು ಹುಟ್ಟುವುದು ಇಲ್ಲಿಯೇ. ಮಾಲೀಕರು ದುಡಿಮೆಗೆಂದು ಬೇರೆ ಊರಿನಲ್ಲಿರುತ್ತಾರೆ. ನಿವೇಶನದಲ್ಲಿ ಬಳ್ಳಾರಿ ಜಾಲಿ ಮತ್ತು ಕಾಂಗ್ರೆಸ್ ಕಸ ಬೆಳೆದು, ತಗ್ಗುಗಳಲ್ಲಿ ನೀರು ನಿಂತು, ನೆರೆಯವರು ಕಸ ಸುರಿಯಲು ತೊಡಗುತ್ತಾರೆ. ಮಾಲೀಕರು ಊರಿನಲ್ಲಿಲ್ಲ ಎಂಬುದು ಹೊಣೆಯಿಂದ ವಿನಾಯಿತಿಯಲ್ಲ. ಹಾಗೆಂದು ಕಸ ಸುರಿದವರೂ ನಿರ್ದೋಷಿಗಳಲ್ಲ. ಹೊರ ಊರಿನಲ್ಲಿರುವ ಮಾಲೀಕರು ಮಳೆಗಾಲಕ್ಕೆ ಮುನ್ನ ತಗ್ಗು ಮುಚ್ಚಿಸಿ, ಊರಿನಲ್ಲಿರುವ ಬಂಧುವೊಬ್ಬರಿಗೆ ಉಸ್ತುವಾರಿ ವಹಿಸಿ, ಅವರ ದೂರವಾಣಿ ಸಂಖ್ಯೆಯನ್ನು ಪಂಚಾಯಿತಿ ಕಚೇರಿಗೆ ನೀಡುವುದು ಉತ್ತಮ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುನ್ನವೇ ಬೇರುಸಹಿತ ಕೀಳಬೇಕು. ಚರ್ಮಕ್ಕೆ ತುರಿಕೆ ತರುವ ಕಸವಾದ್ದರಿಂದ ಬರಿಗೈಯಿಂದ ಮುಟ್ಟಬಾರದು.

ಸ್ವಚ್ಛತೆಯ ಹೆಸರಿನಲ್ಲಿ ಮರ ಬೇಡ ಎನ್ನಬಾರದು

ಎಲೆ ಉದುರುತ್ತದೆ, ಸೊಳ್ಳೆ ಬರುತ್ತದೆ ಎಂದು ಹಿತ್ತಲಿನ ಮರವನ್ನು ಕಡಿಯಲು ಹೊರಡುವವರಿದ್ದಾರೆ. ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿಯೇ ಹೊರತು ಮರದ ನೆರಳಿನಲ್ಲಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಸ್ವಂತ ಜಾಗದ ಮರವಾದರೂ ಕಡಿಯುವ ಮುನ್ನ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಅಗತ್ಯ. ತೆಂಗು, ನೀಲಗಿರಿ, ಗಾಳಿಮರ, ಸುಬಾಬುಲ್ ಮುಂತಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿಯಿದೆ. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡದ ಮಗ್ಗುಲಲ್ಲಿರುವ ಊರಿಗೆ ಈ ಎಚ್ಚರ ಇನ್ನಷ್ಟು ಸಲ್ಲುತ್ತದೆ. ಉದುರಿದ ಎಲೆಯನ್ನು ಸುಡದೆ ತಿಪ್ಪೆಗೆ ಸೇರಿಸಿದರೆ ಹೊಲಕ್ಕೆ ಗೊಬ್ಬರವಾಗುತ್ತದೆ.

ದಂಡಕ್ಕಿಂತ ದೊಡ್ಡ ನಷ್ಟ

ಡೆಂಗೀ ವೈರಾಣುವನ್ನು ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ. ಚಿಕಿತ್ಸೆಯು ರೋಗಿಯನ್ನು ಕಾಯ್ದುಕೊಳ್ಳುವುದಷ್ಟೇ. ರೋಗ ಹೆಚ್ಚುವುದು ಮಳೆಗಾಲದಲ್ಲಿ, ಅಂದರೆ ಮುಂಗಾರಿನ ಬಿತ್ತನೆ, ಕಳೆ ತೆಗೆಯುವ ಕೆಲಸಗಳು ಸಾಗುವ ದಿನಗಳಲ್ಲಿ. ಮನೆಯಲ್ಲೊಬ್ಬರು ಮಲಗಿದರೆ ಮತ್ತೊಬ್ಬರು ಕೂಲಿ ಬಿಟ್ಟು ಮುಂಡರಗಿಗೋ ಗದಗಿಗೋ ಆಸ್ಪತ್ರೆಗೆ ಅಲೆಯಬೇಕಾಗುತ್ತದೆ. ಆ ನಷ್ಟದ ಮುಂದೆ ರೂ. 200 ದಂಡ ಅಲ್ಪವೇ ಸರಿ. ಒಂದು ಮನೆಯ ತೊಟ್ಟಿಯಲ್ಲಿ ಹುಟ್ಟಿದ ಸೊಳ್ಳೆಯು ಪಕ್ಕದ ಮನೆಯ ಮಗುವನ್ನೂ ಕಚ್ಚುತ್ತದೆ. ಅಂಗಳ ಒಬ್ಬರದಾದರೂ ಅಲ್ಲಿ ನಿಂತ ನೀರಿನ ಫಲ ಇಡೀ ಓಣಿಯದು.

ಆದುದರಿಂದ ಪ್ರತಿಯೊಂದು ಓಣಿಯವರು ಕೂಡಿ ವಾರದ ಒಂದು ದಿನವನ್ನು ಗೊತ್ತುಮಾಡಿಕೊಂಡು, ಅಂದು ತೊಟ್ಟಿಗಳನ್ನು ತಿಕ್ಕಿ ಒಣಗಿಸುವುದು. ಜ್ವರ ಕಾಣಿಸಿಕೊಂಡಲ್ಲಿ ತಡಮಾಡದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು.