ಹೊರೆ ಹೊರಿಸಿದವರೇ ಕಟ್ಟಲಿ

ಗಡಹಿಂಗ್ಲಜದ ಮಾರ್ಕೆಟ್ ಯಾರ್ಡಿಗೆ ಸಂಕೇಶ್ವರಿ ಮೆಣಸಿನಕಾಯಿ ಬರುವ ದಿನಗಳಲ್ಲಿ ಹಮಾಲನೊಬ್ಬ ಬೆಳಿಗ್ಗೆ ಒಂದು ದಲಾಲಿ ಅಂಗಡಿಯಲ್ಲಿ ಚೀಲ ಇಳಿಸಿ, ಮಧ್ಯಾಹ್ನ ಇನ್ನೊಬ್ಬರ ಲಾರಿ ತುಂಬುತ್ತಾನೆ. ಅವನ ಮಾಲೀಕ ಯಾರು? ಈ ಪ್ರಶ್ನೆಗೆ ಉತ್ತರ ಸಿಗದೆ ಪಿಎಫ್, ಗ್ರಾಚ್ಯುಟಿ, ಪಗಾರಿ ರಜೆ ಯಾವುದೂ ಹಮಾಲರ ಹತ್ತಿರ ಬಹುಕಾಲ ಸುಳಿಯಲಿಲ್ಲ.

ಮಹಾರಾಷ್ಟ್ರ ಇದಕ್ಕೆ ಕಂಡುಕೊಂಡ ಉತ್ತರ ಹುಟ್ಟಿದ್ದು ಮುಂಬಯಿಯಲ್ಲಿ. ಸಾತಾರಾ, ಕೊಲ್ಹಾಪುರ ಕಡೆಯ ಗುಡ್ಡಗಾಡಿನಿಂದ ಹೋದವರು ಮಸ್ಜಿದ್ ಬಂದರಿನ ಗೋದಾಮುಗಳಲ್ಲಿ ಟೋಳಿ ಕಟ್ಟಿಕೊಂಡು ದುಡಿಯುತ್ತಿದ್ದರು; ಕೂಲಿ ಮುಕಾದಮನ ಕೈಯಿಂದ ಬರುತ್ತಿತ್ತು. ಪಾಟಣ ತಾಲೂಕಿನ ಅಣ್ಣಾಸಾಹೇಬ ಪಾಟೀಲರು ಅವರನ್ನು ಸಂಘಟಿಸಿದರು. ಬಂದರು ಕಾರ್ಮಿಕರಿಗೆ 1948ರಲ್ಲೇ ಕಾಯ್ದೆಯಾಗಿತ್ತು. ಹಡಗಿನಿಂದ ಮಾಲು ಇಳಿಸುವವನಿಗೆ ಸಿಕ್ಕಿದ್ದು ಅದೇ ಮಾಲನ್ನು ಪೇಟೆಯಲ್ಲಿ ಹೊರುವವನಿಗೆ ಯಾಕಿಲ್ಲ? ಹೋರಾಟ ಬಲಿತು 1969ರಲ್ಲಿ ಮಾಥಾಡಿ, ಅಂದರೆ ತಲೆಹೊರೆ ಹೊರುವವರ ಕಾಯ್ದೆ ಬಂತು.

ಆ ಕಾಯ್ದೆಯ ಜಾಣತನವೆಲ್ಲ ಹಣ ಹರಿಯುವ ದಾರಿಯಲ್ಲಿದೆ. ಕಾರ್ಮಿಕರು, ವ್ಯಾಪಾರಿಗಳು, ಸರ್ಕಾರ ಮೂವರೂ ಇರುವ ಒಂದು ಮಂಡಳಿ. ವ್ಯಾಪಾರಿ ಕೂಲಿಯನ್ನು ಮಂಡಳಿಗೆ ಕಟ್ಟಬೇಕು, ಅದರ ಮೇಲೆ ಇಷ್ಟು ಎಂದು ಲೆವಿಯನ್ನೂ ಕೊಡಬೇಕು. ಮಂಡಳಿ ಹಮಾಲನಿಗೆ ಪಗಾರ ಹಂಚುತ್ತದೆ; ಲೆವಿಯಿಂದ ಪಿಎಫ್, ಗ್ರಾಚ್ಯುಟಿ, ಬೋನಸ್, ಔಷಧೋಪಚಾರದ ಖರ್ಚು ನಡೆಯುತ್ತದೆ. ದಿನಕ್ಕೆ ಹತ್ತು ಜನರ ಚೀಲ ಹೊತ್ತರೂ ಲೆಕ್ಕ ಬಂದು ಸೇರುವುದು ಒಂದೇ ಕಡೆ. ಮಾಲೀಕನಿಲ್ಲದವನಿಗೆ ಮಂಡಳಿಯೇ ಮಾಲೀಕನ ಜಾಗದಲ್ಲಿ ನಿಂತಿತು. ಮಾಥಾಡಿ ಹೆಸರಿನಲ್ಲಿ ವಸೂಲಿಗಿಳಿದ ನಕಲಿ ಪುಢಾರಿಗಳೂ ಹುಟ್ಟಿಕೊಂಡರು, ನಿಜ. ಅಂಥವರನ್ನು ಹಿಡಿಯಬೇಕೇ ಹೊರತು ಕಾಯ್ದೆಯನ್ನು ಸಡಿಲಿಸಬಾರದು.

ಆಮೇಲೆ ಬಂದ ಎಷ್ಟೋ ಯೋಜನೆಗಳು ಈ ದಾರಿ ಬಿಟ್ಟವು. 2019ರ ಶ್ರಮಯೋಗಿ ಮಾನಧನ ಪಿಂಚಣಿಯಲ್ಲಿ ಕಾರ್ಮಿಕರೇ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಬೇಕು, ಸರ್ಕಾರ ಅಷ್ಟೇ ಸೇರಿಸುತ್ತದೆ. 60 ದಾಟಿದ ಮೇಲೆ 3,000 ರೂಪಾಯಿ. ಕೆಲಸ ಮಾಡಿಸಿಕೊಂಡವರು ಆ ಲೆಕ್ಕದಲ್ಲೇ ಇಲ್ಲ.

ಗಡಹಿಂಗ್ಲಜದ ನೆರೆಯ ಚಂದಗಡದ ಗೋಡಂಬಿ ಕಾರ್ಖಾನೆಗಳಲ್ಲಿ ಈ ಕೊರತೆ ಕಣ್ಣಿಗೆ ರಾಚುತ್ತದೆ. ಬೇಯಿಸಿದ ಬೀಜವನ್ನು ಕಟರಿಗೆ ಒಂದೊಂದಾಗಿ ಇಟ್ಟು, ಕಾಲಿನಿಂದ ಮೆಟ್ಟಿ ಒಡೆಯಬೇಕು. ಸಿಪ್ಪೆಯ ಎಣ್ಣೆ ಬೆರಳಿನ ಚರ್ಮ ಸುಡುತ್ತದೆ. ಮುಂದೆ ತೆಳುಪೊರೆ ಸುಲಿಯುವುದು, ತಿರುಳು ಆರಿಸುವುದು. ಹೆಚ್ಚಿನವರು ಹೆಂಗಸರು. 10 ಜನರಿಲ್ಲದ ಘಟಕಕ್ಕೆ ಇಎಸ್‌ಐ ಇಲ್ಲ, 20 ಜನರಿಲ್ಲದಿದ್ದರೆ ಪಿಎಫ್ ಕಡ್ಡಾಯವಲ್ಲ.

ಅತ್ತ, ಮೊಬೈಲ್‌ನಲ್ಲಿ ಕರೆದರೆ ಊಟ ತಂದುಕೊಡುವ ಹುಡುಗರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿತು. ವಹಿವಾಟು ನಡೆದಾಗೆಲ್ಲ ಕಂಪನಿ ಕಲ್ಯಾಣ ಶುಲ್ಕ ಕೊಡಬೇಕು, ಅದು ಮಂಡಳಿಯ ನಿಧಿಗೆ ಹೋಗಬೇಕು. ಹಮಾಲರು ಗೆದ್ದುಕೊಂಡ ತತ್ವವೇ ಇದು. ಗೋಡಂಬಿಗೂ ಇದನ್ನು ಅನ್ವಯಿಸಲು ಅಡ್ಡಿಯೇನು? ತಿರುಳು ತೂಕವಾಗಿ, ಡಬ್ಬಿಗೆ ತುಂಬಿ, ಬಿಲ್ ಆಗಿಯೇ ಚಂದಗಡದಿಂದ ಹೊರಡುತ್ತದೆ. ಕಿಲೋಗೆ ಇಷ್ಟು ಎಂದು ಆ ಬಿಲ್ಲಿನಲ್ಲೇ ಲೆವಿ ಹಿಡಿದರೆ, ಘಟಕದಲ್ಲಿ 9 ಜನರಿದ್ದಾರೋ 19 ಜನರಿದ್ದಾರೋ ಎಂದು ಎಣಿಸುವ ಅಗತ್ಯವೇ ಬೀಳದು.