ಹುಟ್ಟಿದ್ದು ಇಲ್ಲೇ, ಆದರೂ ಪರದೇಶಿ!

ಅನಗವಾಡಿ: ಚಳಿ ಬಿತ್ತೆಂದರೆ ಹುಬ್ಬಳ್ಳಿ, ಬಾಗಲಕೋಟೆ, ವಿಜಯಪುರ ಕಡೆ ರಸ್ತೆ ಬದಿಗೆ ಸ್ವೆಟರ್ ಅಂಗಡಿಗಳು ಏಳುತ್ತವೆ. ಬಸ್ ಹತ್ತಿ ಪೇಟೆಗೆ ಹೋದ ನಮ್ಮ ಮಂದಿ ಚೌಕಾಶಿ ಮಾಡಿ ಒಂದೆರಡು ತರುತ್ತಾರೆ. ಮಾರುವವರನ್ನು ‘ನೇಪಾಳಿಗಳು’ ಅಂದುಬಿಡುತ್ತಾರೆ. ಅಲ್ರೀ, ಅವರಲ್ಲಿ ಬಹಳ ಮಂದಿ ಟಿಬೇಟಿಗಳು. ಕರ್ನಾಟಕದಲ್ಲೇ ಹುಟ್ಟಿದವರೂ ಇದ್ದಾರೆ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಬಂದವರಿಗೆ 1960-61ರಲ್ಲಿ ಬೈಲಕುಪ್ಪೆಯಲ್ಲಿ ನೆಲೆ ಸಿಕ್ಕಿತು. ಆಗ ಮುಖ್ಯಮಂತ್ರಿ ಯಾರು? ನಮ್ಮ ಸಾವಳಗಿಯ ಬಿ.ಡಿ. ಜತ್ತಿಯವರು! ಮುಂದೆ ನಿಜಲಿಂಗಪ್ಪನವರ ಕಾಲಕ್ಕೆ, 1966ರಲ್ಲಿ, ಮುಂಡಗೋಡದ ಕಾಡಂಚಿನಲ್ಲಿ ಇನ್ನೊಂದು ವಸಾಹತು ಆಯಿತು.

ನೆಲ ಸಿಕ್ಕಿತು, ಪೌರತ್ವ ಸಿಗಲಿಲ್ಲ. ಕಾನೂನಿನ ಕಣ್ಣಿಗೆ ಅವರು ವಿದೇಶಿಯರು. ಇಲ್ಲಿರಲು ಪೊಲೀಸ್ ಇಲಾಖೆಯ ನೋಂದಣಿ ಪತ್ರ ಬೇಕು, ಅವಧಿ ಮುಗಿದರೆ ನವೀಕರಿಸಬೇಕು. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಹಳದಿ ಪುಸ್ತಕ. ಓಟು ಇಲ್ಲ. ವಸಾಹತಿನ ಹೊಲವೂ ಗುತ್ತಿಗೆಯದು.

ತಾರೀಖಿನ ಆಟ

26-1-1950ರಿಂದ 30-6-1987ರವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎನ್ನುತ್ತದೆ ಪೌರತ್ವ ಕಾಯ್ದೆ. ಇದು ಟಿಬೇಟಿಗಳಿಗೂ ಅನ್ವಯ ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. 2014ರಲ್ಲಿ ಚುನಾವಣಾ ಆಯೋಗವೂ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು.

ಆದರೆ 1-7-1987ರಿಂದ ಈಚೆಗೆ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರ ನಂತರವಂತೂ ಇನ್ನೂ ಬಿಗಿ. ಅಂದರೆ 1986ರಲ್ಲಿ ಹುಟ್ಟಿದ ಅಕ್ಕ ಭಾರತೀಯಳು. 1988ರಲ್ಲಿ ಅದೇ ಮನೆಯಲ್ಲಿ ಹುಟ್ಟಿದ ತಮ್ಮ, ತಂದೆತಾಯಿ ಇಬ್ಬರೂ ಟಿಬೇಟಿನಿಂದ ಬಂದವರಾಗಿದ್ದರೆ, ವಿದೇಶಿ!

ಅಕ್ಕನಿಗಾದರೂ ಹಾದಿ ಸುಲಭವೇ? ಪಾಸ್‌ಪೋರ್ಟ್ ಬೇಕೆಂದರೆ ನೋಂದಣಿ ಪತ್ರ, ಹಳದಿ ಪುಸ್ತಕ ಒಪ್ಪಿಸಬೇಕು, ವಸಾಹತಿನಲ್ಲಿ ವಾಸ ಮಾಡಬಾರದು ಎಂದು 2017ರಲ್ಲಿ ಷರತ್ತು ಬಂತು. ಭಾರತೀಯಳಾಗಲು ಹೆತ್ತವರ ಮನೆ ಬಿಡಬೇಕೇನು? ಇನ್ನು ಕೆಲವರು ತಾವಾಗಿಯೇ ಅರ್ಜಿ ಹಾಕುವುದಿಲ್ಲ. ಪೌರತ್ವ ತಗೊಂಡರೆ ಟಿಬೇಟಿನ ಆಸೆ ಬಿಟ್ಟಂತೆ ಎಂಬ ಅಳುಕು ಅವರಿಗೆ.

ಆಲಮಟ್ಟಿ ಹಿನ್ನೀರಿಗೆ ಮನೆ, ಹೊಲ ಬಿಟ್ಟ ಬೀಳಗಿ ತಾಲೂಕಿನವರಿಗೆ ಊರು ಕಳಕೊಳ್ಳುವ ಸಂಕಟ ಹೇಳಿಕೊಡಬೇಕಿಲ್ಲ. ಪರಿಹಾರಕ್ಕೆ ನಾವು ಕಚೇರಿ ಕಚೇರಿ ಅಲೆದೆವು ಖರೆ. ಆದರೆ ‘ನೀ ಯಾವ ದೇಶದಾಂವ?’ ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಇದೇ ಮಣ್ಣಲ್ಲಿ ಹುಟ್ಟಿದವರಿಗೆ ಆ ಪ್ರಶ್ನೆ ಇನ್ನೆಷ್ಟು ವರ್ಷ? ದಿಲ್ಲಿಯವರು ಉತ್ತರ ಹೇಳುವರೇ?